ಹೊಸ ಕೆಲಸಕ್ಕೆ ಸೇರಿದ್ದೀರಾ? ಮೂರು ತಿಂಗಳು ಹೊಸಬರಾಗಿಯೇ ಇರಿ

ನಾನು ಕೆಲಸಕ್ಕೆ ಸೇರಿ ಎರಡನೇ ವಾರ. ಶಿವಮೊಗ್ಗದ ಹತ್ತಿರ ಒಂದು ಫೌಂಡ್ರಿ (ಲೋಹ ಕರಗಿಸಿ ಅಚ್ಚಿಗೆ ಹುಯ್ಯುವ ಕಾರ್ಖಾನೆ), ಸ್ಟೋರ್ಸ್‌ನಲ್ಲಿ ಅಸಿಸ್ಟೆಂಟ್ ಕೆಲಸ. ಮೋಲ್ಡಿಂಗ್ ಕಡೆಯಿಂದ ಹುಡುಗನೊಬ್ಬ ಬಂದು "ಎರಡು ಚೀಲ ಕರಿ ಪುಡಿ ಕೊಡಿ" ಎಂದ. ಒಳಗೆ ಹೋಗಿ ನೋಡಿದರೆ ಕರಿ ಪುಡಿ ಎರಡು ಥರ ಇತ್ತು. ಒಂದು ಕಲ್ಲಿದ್ದಲ ಪುಡಿ, ಇನ್ನೊಂದು ಗ್ರಾಫೈಟ್. ಯಾವುದು ಅಂತ ಕೇಳಬಹುದಿತ್ತು. ಮೂರು ಹೆಜ್ಜೆ ಆಚೆ ಹಿರಿಯರೊಬ್ಬರು ಕೂತು ರಿಜಿಸ್ಟರ್ ಬರೆಯುತ್ತಿದ್ದರು. ಇಷ್ಟು ಸಣ್ಣದನ್ನೂ ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಗ್ರಾಫೈಟ್ ಕೊಟ್ಟು ಕಳಿಸಿದೆ.

ಅಚ್ಚಿನ ಮರಳಿಗೆ ಬೇಕಿದ್ದದ್ದು ಕಲ್ಲಿದ್ದಲ ಪುಡಿ. ಗ್ರಾಫೈಟ್ ಅದಕ್ಕಿಂತ ಎಷ್ಟೋ ದುಬಾರಿ. ಮಧ್ಯಾಹ್ನ ಸೂಪರ್‌ವೈಸರ್ ಬಂದರು. ಬೈಯಲಿಲ್ಲ. "ಯಾಕೆ ಕೇಳಲಿಲ್ಲ?" ಎಂದಷ್ಟೇ ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಅದೇ ಸ್ಟೋರ್ಸ್‌ಗೆ ಈಗ ಹೊಸಬರು ಬಂದರೆ ನನ್ನ ಪಕ್ಕದ ಕುರ್ಚಿಗೇ ಕಳಿಸುತ್ತಾರೆ. ಕೆಲಸ ಬರುವುದಿಲ್ಲ ಅನ್ನುವುದು ಇವರ ಕಷ್ಟವಲ್ಲ. ಡಿಪ್ಲೊಮಾ, ಬಿಕಾಂ ಮಾಡಿ ಬಂದ ಮಕ್ಕಳು, ಕಂಪ್ಯೂಟರ್ ನನಗಿಂತ ಚೆನ್ನಾಗಿ ಬರುತ್ತದೆ. ಗೊತ್ತಿಲ್ಲ ಅಂತ ತೋರಿಸಿಕೊಳ್ಳಲು ನಾಚಿಕೆ, ಅದೇ ಕಷ್ಟ. ಹೊಸಬರಿಗೆ ಒಂದು ರಿಯಾಯಿತಿ ಇರುತ್ತದೆ. ಎಂಥ ಪೆದ್ದು ಪ್ರಶ್ನೆಯನ್ನೂ ಕೇಳಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಆ ರಿಯಾಯಿತಿಗೆ ಅವಧಿ ಇದೆ, ಹೆಚ್ಚೆಂದರೆ ಮೂರು ತಿಂಗಳು. ಅಷ್ಟರೊಳಗೆ ಅದನ್ನು ಪೂರ್ತಿ ಖರ್ಚು ಮಾಡಿಬಿಡಬೇಕು. ಆರನೇ ತಿಂಗಳಲ್ಲಿ ಅದೇ ಪ್ರಶ್ನೆ ಕೇಳಿದರೆ "ಇಷ್ಟು ದಿನ ಎಂತ ಮಾಡ್ತಿದ್ದೆ ಮಾರಾಯ?" ಅನ್ನುತ್ತಾರೆ.

ಕೆಳಗಿರುವುದು ಆ ಮೂರು ತಿಂಗಳಿಗೆ.

ಸೇರುವ ಮುಂಚೆ

ಆಫರ್ ಲೆಟರ್ ಪೂರ್ತಿ ಓದಿ. ಸಂಬಳದ ಮೊತ್ತ ನೋಡಿ ಸಂತೋಷಪಟ್ಟು ಮಡಚಿಡುವವರೇ ಜಾಸ್ತಿ. ಪ್ರೊಬೇಷನ್ (ಕೆಲಸ ಕಾಯಂ ಆಗುವ ಮುಂಚಿನ ಪರೀಕ್ಷೆಯ ಅವಧಿ) ಎಷ್ಟು ತಿಂಗಳು, ಬಿಡಬೇಕಾದರೆ ಎಷ್ಟು ದಿನದ ನೋಟಿಸ್, ಬೇಸಿಕ್ (ಮೂಲ ವೇತನ) ಎಷ್ಟು, ಕೈಗೆ ಬರುವುದು ಎಷ್ಟು ಅನ್ನುವ ನಾಲ್ಕನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಪಿಎಫ್ (ಭವಿಷ್ಯ ನಿಧಿ) ಇದ್ದರೆ ಬೇಸಿಕ್ ಮತ್ತು ತುಟ್ಟಿಭತ್ಯೆಯ ಮೇಲೆ ಸಾಮಾನ್ಯವಾಗಿ ಶೇ 12 ಹೋಗುತ್ತದೆ. ಸಂಬಳ 21,000 ರೂಪಾಯಿ ಒಳಗಿದ್ದು ಇಎಸ್‌ಐ (ನೌಕರರ ವಿಮೆ) ಇದ್ದರೆ ಶೇ 0.75 ಹೋಗುತ್ತದೆ. 25,000 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ, ಫೆಬ್ರವರಿಯಲ್ಲಿ ಮಾತ್ರ 300. ಇದು ಮೊದಲೇ ಗೊತ್ತಿದ್ದರೆ ಮೊದಲ ಸಂಬಳದ ದಿನ ಮನೆಗೆ ಫೋನ್ ಮಾಡಿ "ಕಮ್ಮಿ ಕೊಟ್ಟಿದ್ದಾರೆ" ಅಂತ ಗೋಳಾಡುವುದು ತಪ್ಪುತ್ತದೆ. ಹಿಂದೆ ಎಲ್ಲಾದರೂ ಕೆಲಸ ಮಾಡಿದ್ದರೆ ಪಿಎಫ್‌ನ 12 ಅಂಕಿಯ ಹಳೆಯ ಯುಎಎನ್ ನಂಬರನ್ನೇ ಕೊಡಿ, ಹೊಸದು ಮಾಡಿಸಬೇಡಿ. ಎರಡಾದರೆ ಆಮೇಲೆ ಸೇರಿಸಲು ಓಡಾಡಿ ಸಾಕಾಗುತ್ತದೆ.

ಮಾರ್ಕ್ಸ್‌ಕಾರ್ಡ್‌ಗಳ ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಡಿ. ಒರಿಜಿನಲ್ ಇಟ್ಟುಕೊಳ್ಳುತ್ತೇವೆ ಅಂದರೆ ಯಾಕೆ ಅಂತ ಕೇಳಿ. ಇದು ನಿಮ್ಮ ಮೊದಲ ಪ್ರಶ್ನೆ ಆಗಲಿ.

ಸೇರುವ ಹಿಂದಿನ ದಿನ ಅದೇ ಹೊತ್ತಿಗೆ, ಅದೇ ಬಸ್ಸಿನಲ್ಲಿ ಒಂದು ಸಲ ಹೋಗಿ ಬನ್ನಿ. ಭದ್ರಾವತಿ ಕಡೆಯಿಂದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಬರುವುದಕ್ಕೂ ಸವಳಂಗ ರಸ್ತೆಯಿಂದ ಬರುವುದಕ್ಕೂ ತುಂಬಾ ವ್ಯತ್ಯಾಸ ಇದೆ. ತೀರ್ಥಹಳ್ಳಿ, ಹೊಸನಗರ, ಸಾಗರದಿಂದ ದಿನಾ ಓಡಾಡುವ ಯೋಚನೆ ಇದ್ದರೆ ಮಳೆಗಾಲವನ್ನು ಲೆಕ್ಕಕ್ಕೆ ತಗೊಳ್ಳಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ. ಶಿವಮೊಗ್ಗ ಊರಲ್ಲಿ ಅದರ ಕಾಲು ಭಾಗವೂ ಇಲ್ಲ. ಹಾಗಾಗಿ ಮರ ಬಿದ್ದು ನಿಮ್ಮ ಬಸ್ಸು ದಾರಿಯಲ್ಲಿ ನಿಂತಿರುವ ಹೊತ್ತಿಗೆ ಇಲ್ಲಿ ನಿಮ್ಮ ಸಾಹೇಬರು ಬಿಸಿಲಲ್ಲಿ ಕಾಫಿ ಕುಡಿಯುತ್ತಿರಬಹುದು. ಅವರು ದಾವಣಗೆರೆಯವರೋ ಬೆಂಗಳೂರಿನವರೋ ಆಗಿದ್ದರೆ ನಿಮ್ಮ ಮಾತು ನಂಬುವುದೂ ಕಷ್ಟ. ಆಫೀಸಿಗೆ ಬಂದ ಮೇಲೆ ಕಾರಣ ಹೇಳಬೇಡಿ. ಬಸ್ಸು ನಿಂತ ಜಾಗದಿಂದಲೇ ಫೋನ್ ಮಾಡಿ. ಸಿಗ್ನಲ್ ಇದ್ದರೆ, ಅಷ್ಟೇ. ಒಂದು ಜೊತೆ ಒಣ ಸಾಕ್ಸು ಬ್ಯಾಗಲ್ಲಿ ಇರಲಿ.

ಮೊದಲ ದಿನ, ಮೊದಲ ವಾರ

ಮೊದಲ ದಿನ ಏನೂ ಆಗುವುದಿಲ್ಲ. ನಿಜ ಹೇಳುತ್ತೇನೆ. ಫಾರಂ ತುಂಬಿಸುತ್ತಾರೆ, ಯಾರೋ ಒಬ್ಬರು ನಿಮ್ಮನ್ನು ಕರೆದುಕೊಂಡು ಹೋಗಿ ಹತ್ತು ಜನರಿಗೆ ತೋರಿಸುತ್ತಾರೆ, ಹತ್ತೂ ಹೆಸರು ಮರೆತುಹೋಗುತ್ತದೆ. ಆಮೇಲೆ ಒಂದು ಕುರ್ಚಿ ತೋರಿಸಿ "ಕೂತಿರಿ, ಬಂದೆ" ಅಂತ ಹೋದವರು ಊಟದ ಹೊತ್ತಿನವರೆಗೂ ಬರುವುದಿಲ್ಲ. ನನ್ನನ್ನು ಯಾರಿಗೂ ಬೇಡವೇನೋ ಅನ್ನಿಸುತ್ತದೆ. ಹಾಗಲ್ಲ, ಅವರಿಗೆ ಅವರ ಕೆಲಸ ಇದೆ ಅಷ್ಟೇ.

ಹೊಸಬರು ಒಂದು ಸಂಸ್ಥೆಯ ಒಳಗೆ ಹೇಗೆ ಬೆರೆಯುತ್ತಾರೆ ಅನ್ನುವುದನ್ನು ಓದಿ ಬರೆದವರೂ ಇದ್ದಾರೆ. ಜಾನ್ ವ್ಯಾನ್ ಮಾನೆನ್ ಮತ್ತು ಎಡ್ಗರ್ ಶೈನ್ ಎಂಬ ಅಮೆರಿಕದ ಇಬ್ಬರು ಪ್ರೊಫೆಸರ್‌ಗಳು 1979ರಲ್ಲಿ ಇದನ್ನೇ ವಿಂಗಡಿಸಿದರು. ಕೆಲವು ಕಡೆ ಬ್ಯಾಚ್ ಮಾಡಿ, ತರಗತಿ ಇಟ್ಟು, ಇಂಥ ವಾರ ಇಂಥ ಪಾಠ ಅಂತ ಕಲಿಸುತ್ತಾರೆ. ಕೆಲವು ಕಡೆ ಒಬ್ಬೊಬ್ಬರನ್ನೇ ಸೀದಾ ಕೆಲಸಕ್ಕೆ ಇಳಿಸುತ್ತಾರೆ, ಈಜು ಕಲಿಯಲು ಹೊಳೆಗೆ ಬಿಟ್ಟ ಹಾಗೆ. ಕೆಲವು ಕಡೆ ಹಿಂದೆ ಅದೇ ಕೆಲಸ ಮಾಡಿದವರು ಪಕ್ಕದಲ್ಲಿದ್ದು ಹೇಳಿಕೊಡುತ್ತಾರೆ, ಕೆಲವು ಕಡೆ ಅವರು ಬಿಟ್ಟುಹೋಗಿ ಆರು ತಿಂಗಳಾಗಿರುತ್ತದೆ. ನಿಮ್ಮದು ಯಾವ ಥರ ಅಂತ ಮೊದಲ ವಾರದಲ್ಲೇ ನೋಡಿಕೊಳ್ಳಿ. ದೊಡ್ಡ ಬ್ಯಾಂಕು, ದೊಡ್ಡ ಗಾರ್ಮೆಂಟ್ಸ್ ಆಗಿದ್ದರೆ ತರಬೇತಿ ಇರುತ್ತದೆ, ಹೇಳಿದಂತೆ ನಡೆದರೆ ಆಯ್ತು. ನಮ್ಮ ಕಡೆಯ ಸಣ್ಣ ಫೌಂಡ್ರಿ, ಅಡಿಕೆ ಮಂಡಿ, ಹಳ್ಳಿಯ ಸಹಕಾರ ಸಂಘ, ನರ್ಸಿಂಗ್ ಹೋಂ ಇವೆಲ್ಲ ಹೆಚ್ಚಾಗಿ ಎರಡನೇ ಥರ. ಅಲ್ಲಿ ಯಾರೂ ನಿಮಗೆ ಪಾಠ ಮಾಡುವುದಿಲ್ಲ, ಕೇಳಿದರೆ ಮಾತ್ರ ಹೇಳುತ್ತಾರೆ.

ಅಂಥ ಜಾಗಕ್ಕೆ ಸೇರಿದ್ದರೆ ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ ತಗೊಳ್ಳಿ. ಜೇಬಲ್ಲಿ ಹಿಡಿಯುವಂಥದ್ದು. ಅದರಲ್ಲಿ ಮೂರು ಭಾಗ ಮಾಡಿ.

ಮೊದಲನೆಯದು ಜನ. ಹೆಸರು, ಕೂರುವ ಜಾಗ, ಯಾವ ಕೆಲಸಕ್ಕೆ ಇವರ ಹತ್ತಿರ ಹೋಗಬೇಕು. ಇಲ್ಲಿ ಹುದ್ದೆಯನ್ನು ನಂಬಬೇಡಿ. ಮ್ಯಾನೇಜರ್ ಸಹಿ ಮಾಡುತ್ತಾರೆ, ಆದರೆ ಫೈಲು ಎಲ್ಲಿದೆ ಅಂತ ಗೊತ್ತಿರುವುದು ಅಟೆಂಡರ್‌ಗೆ. ಗೇಟಿನ ಸೆಕ್ಯುರಿಟಿಯವರಿಗೆ ಗೊತ್ತಿರುವಷ್ಟು ವಿಷಯ ಎಚ್‌ಆರ್‌ಗೂ ಗೊತ್ತಿರುವುದಿಲ್ಲ. ಅವರ ಹೆಸರು ಮೊದಲು ಬರೆದುಕೊಳ್ಳಿ, ಹೆಸರು ಹಿಡಿದು ನಮಸ್ಕಾರ ಹೇಳಿ.

ಎರಡನೆಯದು ಪದ. ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ, ಕರಿ ಪುಡಿ ಕಲಿಸಿದ ಪಾಠ. ಒಂದೊಂದು ಕೆಲಸದ ಜಾಗಕ್ಕೂ ಅದರದೇ ಭಾಷೆ ಇರುತ್ತದೆ, ಅದು ಯಾವ ಕಾಲೇಜಿನಲ್ಲೂ ಇಲ್ಲ. ಅಡಿಕೆ ಮಂಡಿಗೆ ಲೆಕ್ಕ ಬರೆಯಲು ಸೇರಿದರೆ ರಾಶಿ, ಬೆಟ್ಟೆ, ಸರಕು, ಗೊರಬಲು ಅನ್ನುವ ಮಾತು ಬೆಳಗಿಂದ ಸಂಜೆಯವರೆಗೆ ಕಿವಿಗೆ ಬೀಳುತ್ತದೆ. ನಾಲ್ಕಕ್ಕೂ ಬೇರೆ ಬೇರೆ ದರ. ತೋಟದ ಮನೆಯಿಂದ ಬಂದವರಿಗೆ ಇದು ಹುಟ್ಟಿನಿಂದ ಗೊತ್ತು, ಬಯಲುಸೀಮೆಯಿಂದ ಬಂದವರಿಗೆ ಎಲ್ಲವೂ ಬರೀ ಅಡಿಕೆ. ಒಂದು ಸಾಲು ಅದಲುಬದಲಾದರೆ ಯಾರದೋ ವರ್ಷದ ದುಡಿಮೆಯ ಲೆಕ್ಕ ತಪ್ಪುತ್ತದೆ. ಫೌಂಡ್ರಿಯಲ್ಲಿ ಹೀಟ್, ಫೆಟ್ಲಿಂಗ್, ರೈಸರ್, ಕೋರ್. "ಇವತ್ತು ಎಷ್ಟು ಹೀಟ್?" ಅಂದರೆ ಸೆಖೆಯ ಮಾತಲ್ಲ, ಕುಲುಮೆಯಲ್ಲಿ ಎಷ್ಟು ಸಲ ಲೋಹ ಕರಗಿಸಿದಿರಿ ಅಂತ. ಕಿವಿಗೆ ಬಿದ್ದ ಹೊಸ ಪದ ಬರೆದುಕೊಳ್ಳಿ, ಸಂಜೆ ಯಾರನ್ನಾದರೂ ಕೇಳಿ ಅರ್ಥ ಬರೆಯಿರಿ. ಎರಡು ವಾರದಲ್ಲಿ ನಲವತ್ತು ಪದ ಆಗುತ್ತವೆ, ಆಮೇಲೆ ತಾನೇ ಕಮ್ಮಿಯಾಗುತ್ತದೆ.

ಮೂರನೆಯದು ಆಶ್ಚರ್ಯ. "ಇದನ್ನು ಯಾಕೆ ಹೀಗೆ ಮಾಡ್ತಾರೆ?" ಅನ್ನಿಸಿದ್ದೆಲ್ಲ ಇಲ್ಲಿಗೆ. ಒಂದೇ ಬಿಲ್ಲನ್ನು ಮೂರು ರಿಜಿಸ್ಟರ್‌ನಲ್ಲಿ ಯಾಕೆ ಬರೆಯುತ್ತಾರೆ, ಬೀಗದ ಕೈ ಯಾಕೆ ಕ್ಯಾಂಟೀನಿನಲ್ಲಿದೆ. ಬರೆಯಿರಿ, ಬಾಯಿ ಬಿಡಬೇಡಿ. ಈ ಭಾಗಕ್ಕೆ ಮೂರನೇ ತಿಂಗಳಲ್ಲಿ ಕೆಲಸ ಇದೆ.

ಕೇಳುವುದು ಹೇಗೆ

ಕೇಳಿ ಕೇಳಿ ಅಂತ ಎಲ್ಲರೂ ಹೇಳುತ್ತಾರೆ, ಹೇಗೆ ಅಂತ ಹೇಳುವುದಿಲ್ಲ.

ಕೆಲಸ ನಿಂತುಹೋಗುವ ಪ್ರಶ್ನೆಯನ್ನು ಆಗಲೇ ಕೇಳಿ. "ಕರಿ ಪುಡಿ ಅಂದರೆ ಯಾವುದು?" ಅನ್ನುವ ಥರದ್ದು. ಎದುರಿಗಿರುವವರು ಫೋನಿನಲ್ಲಿದ್ದರೂ ಪರವಾಗಿಲ್ಲ, ಎರಡೂ ಚೀಲ ಎತ್ತಿ ತೋರಿಸಿ, ಬೆರಳು ಮಾಡುತ್ತಾರೆ. ಕಾಯಬಹುದಾದ ಪ್ರಶ್ನೆಗಳನ್ನು ಗುಡ್ಡೆ ಹಾಕಿಕೊಂಡು ಟೀ ಹೊತ್ತಿನಲ್ಲಿ ಒಟ್ಟಿಗೆ ಕೇಳಿ. ಹತ್ತು ನಿಮಿಷಕ್ಕೊಮ್ಮೆ ಎದ್ದು ಬಂದು ಕೇಳುವವರನ್ನು ಕಂಡರೆ ಎಂಥ ಒಳ್ಳೆಯವರಿಗೂ ರೇಗುತ್ತದೆ.

ಬರೀ "ಇದು ಗೊತ್ತಾಗಲಿಲ್ಲ" ಅನ್ನಬೇಡಿ. "ನಾನು ಹೀಗೆ ಅಂದುಕೊಂಡಿದ್ದೇನೆ, ಸರಿಯಾ?" ಅನ್ನಿ. ನೀವು ಯೋಚನೆ ಮಾಡಿದ್ದೀರಿ ಅಂತ ಅವರಿಗೂ ಗೊತ್ತಾಗುತ್ತದೆ. ತಪ್ಪಿದ್ದರೆ ಎಲ್ಲಿ ತಪ್ಪಿತು ಅಂತ ಅಲ್ಲೇ ತೋರಿಸುತ್ತಾರೆ. ಹೇಳಿಕೊಟ್ಟದ್ದನ್ನು ಅವರ ಎದುರೇ ಬರೆದುಕೊಳ್ಳಿ. ಒಂದೇ ಪ್ರಶ್ನೆ ಎರಡನೇ ಸಲ ಕೇಳಬಹುದು. ಮೂರನೇ ಸಲ ಕೇಳುವ ಮುಂಚೆ ನೋಟ್‌ಬುಕ್ ತೆಗೆದು ನೋಡಿ.

ಸಾಹೇಬರನ್ನು ಮೊದಲ ಹದಿನೈದು ದಿನದಲ್ಲಿ ಒಂದು ಸಲ ಹತ್ತು ನಿಮಿಷ ಕೇಳಿ ತಗೊಳ್ಳಿ. ಈ ತಿಂಗಳ ಕೊನೆಗೆ ನಾನು ಯಾವುದನ್ನು ಒಬ್ಬನೇ ಮಾಡುವಂತಿರಬೇಕು? ಏನಾದರೂ ಎಡವಟ್ಟಾದರೆ ನಿಮಗೆ ಫೋನ್ ಮಾಡಲಾ, ವಾಟ್ಸಾಪ್ ಹಾಕಲಾ, ಬಂದು ಹೇಳಲಾ? ನೀವು ಇಲ್ಲದಾಗ ಯಾರನ್ನು ಕೇಳಲಿ? ಇಷ್ಟೇ ಸಾಕು. ಹೆಚ್ಚಿನವರು ಇದನ್ನು ಕೇಳುವುದೇ ಇಲ್ಲ, ಆರು ತಿಂಗಳು ಊಹೆಯಲ್ಲೇ ಕಳೆಯುತ್ತಾರೆ. ಪ್ರೊಬೇಷನ್ ಮುಗಿಯುವ ದಿನ "ನೀವು ಇದನ್ನು ಮಾಡಲೇ ಇಲ್ಲವಲ್ಲ" ಅಂದರೆ ಆಗ ಏನು ಹೇಳುವುದು?

ನಮ್ಮ ಕಡೆಯ ಮಾತು

ಹೊರಗಿನಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕು. ಮಲೆನಾಡಿನವರು ಎದುರಿಗೆ "ಇಲ್ಲ" ಅನ್ನುವುದು ಕಮ್ಮಿ. "ನೋಡೋಣ" ಅಂದರೆ ಹತ್ತರಲ್ಲಿ ಎಂಟು ಸಲ ಇಲ್ಲ ಅಂತಲೇ ಅರ್ಥ. "ಮಾಡಿದ್ರೆ ಆಗ್ತಿತ್ತು" ಅಂದರೆ ನೀವೇ ಮಾಡಿ ಅಂತ. "ಎಂತ ಅವಸರ ಇಲ್ಲ" ಅಂದರೆ ಇವತ್ತು ಸಂಜೆಯೊಳಗೆ ಬೇಕು, ಬಾಯಿ ಬಿಟ್ಟು ಕೇಳಲು ಸಂಕೋಚ ಅಂತ. ನಾನು ತಮಾಷೆಗೆ ಹೇಳುತ್ತಿಲ್ಲ. ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ನಮ್ಮಲ್ಲಿ ಸೇರಿದ್ದ, ಮಾತು ಅಂದರೆ ಖಡಕ್. ಅವನಿಗೆ ನಮ್ಮ "ನೋಡೋಣ" ನಂಬಿ ಎರಡು ವಾರ ಕಾದದ್ದೇ ಬಂತು. ನಮ್ಮವರಿಗೆ ಅವನ ನೇರ ಮಾತು ಜಗಳದ ಹಾಗೆ ಕೇಳುತ್ತಿತ್ತು. ಇಬ್ಬರದ್ದೂ ತಪ್ಪಲ್ಲ. ಅನುಮಾನ ಬಂದರೆ "ಹಾಗಾದರೆ ಶುಕ್ರವಾರ ಬಂದು ನೆನಪು ಮಾಡಲಾ?" ಅಂತ ಒಂದು ದಿನ ಹಿಡಿದು ಕೇಳಿ. ಉತ್ತರದಲ್ಲಿ ನಿಜ ಗೊತ್ತಾಗುತ್ತದೆ.

ಇನ್ನೊಂದು ಪ್ರಶ್ನೆ ನಿಮ್ಮ ಕಡೆಗೇ ಬರುತ್ತದೆ. "ಎಲ್ಲಾಯ್ತು ನಿಮ್ಮೂರು? ಯಾರ ಪೈಕಿ?" ಪ್ರೀತಿಯಿಂದಲೇ ಕೇಳುತ್ತಾರೆ, ಪರಿಚಯದ ಎಳೆ ಹುಡುಕುತ್ತಾರೆ. ಕೆಲವು ಸಲ ಅದರ ಹಿಂದೆ ಜಾತಿ ಕೇಳುವ ಆಸೆಯೂ ಇರುತ್ತದೆ, ಸುಮ್ಮನೆ ಮುಚ್ಚಿಡುವುದು ಯಾಕೆ. ಊರಿನ ಹೆಸರು ಹೇಳಿ, ಅಲ್ಲಿಯ ಮಳೆ, ಜಾತ್ರೆ, ಶಾಲೆ ಅಂತ ಮಾತು ತಿರುಗಿಸಿ. ಹೇಳಲೇಬೇಕು ಅಂತ ಯಾವ ಕಾನೂನೂ ಇಲ್ಲ.

ಊಟದ ಹೊತ್ತಿನಲ್ಲಿ ಮೊಬೈಲ್ ಹಿಡಿದು ಮೂಲೆಯಲ್ಲಿ ಕೂರಬೇಡಿ. ಇದೊಂದನ್ನು ಖಂಡಿತ ಪಾಲಿಸಿ. ನಿಮ್ಮ ಡಬ್ಬಿಯ ಅಪ್ಪೆಮಿಡಿ ಉಪ್ಪಿನಕಾಯಿ ಒಂದು ವಾರದಲ್ಲಿ ಮಾಡುವ ಪರಿಚಯವನ್ನು ಮೀಟಿಂಗುಗಳು ಒಂದು ವರ್ಷದಲ್ಲೂ ಮಾಡುವುದಿಲ್ಲ. ಯಾವ ಬೆಂಚಿನಲ್ಲಿ ಯಾರು ಕೂರುತ್ತಾರೆ ಅಂತ ಎರಡು ದಿನ ನೋಡಿ, ಮೂರನೇ ದಿನ "ಇಲ್ಲಿ ಕೂರಬಹುದಾ?" ಅಂತ ಕೇಳಿ. ಒಂದೇ ಗುಂಪಿಗೆ ಅಂಟಿಕೊಳ್ಳಬೇಡಿ. ಮೊದಲ ದಿನವೇ ಹತ್ತಿರ ಬಂದು ಉಳಿದವರ ಬಗ್ಗೆ ಪಿಸುಗುಡುವವರು ಒಬ್ಬರು ಎಲ್ಲ ಕಡೆ ಇರುತ್ತಾರೆ. ಕೇಳಿಸಿಕೊಳ್ಳಿ, ಮುಂದಕ್ಕೆ ದಾಟಿಸಬೇಡಿ.

ತಪ್ಪು ಮಾಡಿದ ದಿನ

ಮಾಡುತ್ತೀರಿ. ಅವತ್ತೇ ಹೇಳಿ, ಬೇರೆಯವರ ಬಾಯಿಂದ ಹೋಗುವ ಮುಂಚೆ ಹೇಳಿ. ಏನಾಯ್ತು, ಎಷ್ಟು ನಷ್ಟ, ಈಗ ಏನು ಮಾಡಿದ್ದೇನೆ ಅಂತ ಮೂರು ಮಾತು. "ನನಗೆ ಯಾರೂ ಹೇಳಿರಲಿಲ್ಲ" ಅನ್ನುವುದು ನಿಜವೇ ಇರಬಹುದು, ಅವತ್ತಿಗೆ ಬೇಡ.

ರಜೆ

ಸೇರಿದ ಮೊದಲ ತಿಂಗಳಲ್ಲಿ ರಜೆ ಬೇಕಾಗುವುದು ಗೊತ್ತಿದ್ದರೆ ಸೇರುವಾಗಲೇ ಹೇಳಿ. ಅಕ್ಕನ ಮದುವೆಯನ್ನು ಯಾರೂ ಬೇಡ ಅನ್ನುವುದಿಲ್ಲ, ಹಿಂದಿನ ದಿನ ಹೇಳಿದರೆ ಮಾತ್ರ ಸಿಟ್ಟು ಬರುತ್ತದೆ. ಅಡಿಕೆ ಕೊಯ್ಲಿನ ಕಾಲದಲ್ಲಿ, ಹೆಚ್ಚುಕಮ್ಮಿ ಅಕ್ಟೋಬರ್‌ನಿಂದ ಜನವರಿ, ತೋಟ ಇರುವವರೆಲ್ಲ ರಜೆ ಕೇಳುತ್ತಾರೆ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಬರುವ ದಿನ ಮನೆಯಲ್ಲಿ ಒಬ್ಬರು ಇರಲೇಬೇಕು, ಅವನು ಸಿಗುವುದೇ ಕಷ್ಟ. ಭೂಮಿ ಹುಣ್ಣಿಮೆ, ದೀಪಾವಳಿ, ಮಾರಿಕಾಂಬಾ ಜಾತ್ರೆಗೂ ಹಾಗೆಯೇ. ನಿಮಗೆ ತೋಟ ಇಲ್ಲದಿದ್ದರೆ ಆಗ ಒಬ್ಬರ ಪಾಳಿ ನೀವು ಮಾಡಿ. ರಂಜಾನ್‌ಗೋ ಕ್ರಿಸ್‌ಮಸ್‌ಗೋ ಯುಗಾದಿಗೋ ಅವರು ನಿಮ್ಮದನ್ನು ಮಾಡುತ್ತಾರೆ.

ಮೂವತ್ತು, ಅರವತ್ತು, ತೊಂಬತ್ತು

ಮೂವತ್ತನೇ ದಿನದ ಸುಮಾರಿಗೆ ಬೇಜಾರು ಬರುತ್ತದೆ. ಇದನ್ನು ಮೊದಲೇ ತಿಳಿದಿರಿ. ಹೊಸದೆಂಬ ಖುಷಿ ಮುಗಿದಿರುತ್ತದೆ, ಕೆಲಸ ಕೈಗೆ ಬಂದಿರುವುದಿಲ್ಲ. ಅಂದುಕೊಂಡದ್ದೇ ಒಂದು, ಇಲ್ಲಿರುವುದೇ ಒಂದು ಅನ್ನಿಸುತ್ತದೆ. ನಾಟಿ ಮಾಡಿದ ಗದ್ದೆ ನೋಡಿದ್ದೀರಲ್ಲ? ಸಸಿಮಡಿಯಲ್ಲಿ ಹಸಿರಾಗಿದ್ದ ಸಸಿ ಕಿತ್ತು ನೆಟ್ಟ ಮೇಲೆ ಒಂದು ವಾರ ಹಳದಿಯಾಗಿ ಸೋತು ನಿಲ್ಲುತ್ತದೆ. ಆ ವಾರದಲ್ಲಿ ಯಾರೂ ಅದನ್ನು ಕಿತ್ತು ವಾಪಸ್ ಮಡಿಗೆ ಹಾಕುವುದಿಲ್ಲ. ರಾಜೀನಾಮೆ ಬರೆಯುವ ಮನಸ್ಸಾದರೆ ಎರಡನೇ ಸಂಬಳದವರೆಗೆ ತಡೆಯಿರಿ.

ಅರವತ್ತನೇ ದಿನಕ್ಕೆ ಸಾಹೇಬರ ಹತ್ತಿರ ಮತ್ತೆ ಹತ್ತು ನಿಮಿಷ. "ಹೇಗಿದೆ ನನ್ನ ಕೆಲಸ?" ಅಂದರೆ "ಚೆನ್ನಾಗಿದೆ, ಮಾಡಿ" ಅನ್ನುತ್ತಾರೆ. ಅದರಿಂದ ಉಪಯೋಗ ಇಲ್ಲ. "ಒಂದು ವಿಷಯ ಬದಲಾಯಿಸಿಕೊಳ್ಳಬೇಕು ಅಂದರೆ ಯಾವುದು?" ಅಂತ ಕೇಳಿ.

ಮೂರನೇ ತಿಂಗಳಲ್ಲಿ ನೋಟ್‌ಬುಕ್ಕಿನ ಆಶ್ಚರ್ಯದ ಭಾಗ ತೆಗೆಯಿರಿ. ಅರ್ಧಕ್ಕಿಂತ ಜಾಸ್ತಿ ಪ್ರಶ್ನೆಗೆ ಆಗಲೇ ಉತ್ತರ ಸಿಕ್ಕಿರುತ್ತದೆ. ಮೂರನೇ ರಿಜಿಸ್ಟರ್ ಆಡಿಟ್‌ಗೆ ಬೇಕು. ಬೀಗದ ಕೈ ಕ್ಯಾಂಟೀನಿನಲ್ಲಿರುವುದು ರಾತ್ರಿ ಪಾಳಿಯಲ್ಲಿ ತೆರೆದಿರುವ ಬಾಗಿಲು ಅದೊಂದೇ ಅಂತ. ಮೊದಲ ವಾರವೇ ಬಾಯಿ ಬಿಟ್ಟಿದ್ದರೆ ನಗೆಪಾಟಲು ಆಗುತ್ತಿತ್ತು. ಉತ್ತರ ಸಿಗದೆ ಉಳಿದ ಎರಡೋ ಮೂರೋ ಇವೆಯಲ್ಲ, ಅವೇ ನಿಜವಾದ ಸಲಹೆಗಳು. ಹಳಬರ ಕಣ್ಣಿಗೆ ಅವು ಕಾಣುವುದಿಲ್ಲ, ಇನ್ನಾರು ತಿಂಗಳಿಗೆ ನಿಮ್ಮ ಕಣ್ಣಿಗೂ ಕಾಣುವುದಿಲ್ಲ. ಅದರಲ್ಲಿ ಒಂದನ್ನು ಮಾತ್ರ ಆರಿಸಿ ಹೇಳಿ. "ನಮ್ಮ ಹಳೇ ಕಂಪನಿಯಲ್ಲಿ ಹೀಗಿತ್ತು" ಅಂತ ಶುರು ಮಾಡಬೇಡಿ. ಹಾಗಾದರೆ ಅಲ್ಲೇ ಇರಬೇಕಿತ್ತು ಅನ್ನುತ್ತಾರೆ.

ಜಾಗವೇ ಸರಿ ಇಲ್ಲದಿದ್ದರೆ

ಹೊಂದಿಕೊಳ್ಳಬೇಕು ಅಂತ ಎಲ್ಲವನ್ನೂ ನುಂಗಬಾರದು. ಪಿಎಫ್ ಹಿಡಿದಿದ್ದಾರೆ ಅಂತ ಸಂಬಳದ ಚೀಟಿಯಲ್ಲಿದ್ದರೆ ಎರಡನೇ ತಿಂಗಳಲ್ಲಿ ಯುಎಎನ್ ಪಾಸ್‌ಬುಕ್ ತೆಗೆದು ನೋಡಿ. ಅಲ್ಲಿ ಬಂದಿಲ್ಲದಿದ್ದರೆ ಲೆಕ್ಕದ ವಿಭಾಗಕ್ಕೆ ಹೋಗಿ ಕೇಳಿ, ಉತ್ತರ ಜಾರಿಸಿದರೆ ಪಿಎಫ್ ಕಚೇರಿ ಇದೆ. ಚೀಟಿಯೇ ಕೊಡುವುದಿಲ್ಲ ಅಂದರೆ ಯೋಚನೆ ಮಾಡುವ ವಿಷಯ.

ಹೆಣ್ಣುಮಕ್ಕಳಿಗೆ ಒಂದು ಮಾತು. ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾನೂನು ಇದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಜಾಗವಾದರೆ ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. ಸಮಿತಿಯಲ್ಲಿ ಯಾರಿದ್ದಾರೆ ಅಂತ ಸೇರಿದ ವಾರವೇ ನೋಡಿಕೊಳ್ಳಿ. "ಹೊಸಬಳು, ಹೊಂದಿಕೊಂಡು ಹೋಗಮ್ಮ" ಅನ್ನುವ ಮಾತು ಇಲ್ಲಿ ನಡೆಯಬಾರದು.

ಹಳಬರಿಗೆ

ಓದುತ್ತಿರುವವರಲ್ಲಿ ನನ್ನಂಥ ಹಳಬರೂ ಇರುತ್ತೀರಿ. ಅಡಿಕೆ ಸಸಿ ಇಡುವಾಗ ಪಕ್ಕದಲ್ಲಿ ಬಾಳೆ ಇಡುತ್ತೇವೆ, ನೆರಳಿಗೆ. ಹೊಸಬರನ್ನು ಒಬ್ಬರ ಪಕ್ಕ ಕೂರಿಸಿ, ಇವರನ್ನು ಏನು ಬೇಕಾದರೂ ಕೇಳು ಅಂತ ಎಲ್ಲರ ಎದುರು ಹೇಳಿ. ಆಮೇಲೆ ಅವರು ಕೇಳಿದಾಗ ನಗಬೇಡಿ. ಒಂದು ಸಲ ನಕ್ಕರೆ ಮುಂದಿನ ಸಲ ಅವರು ಕೇಳದೆ ಗ್ರಾಫೈಟ್ ಕೊಟ್ಟು ಕಳಿಸುತ್ತಾರೆ.

ನನ್ನ ಹಳೆಯ ನೋಟ್‌ಬುಕ್ಕಿನ ಪದಗಳ ಪುಟ ಜೆರಾಕ್ಸ್ ಆಗಿ ಈಗ ಸ್ಟೋರ್ಸ್ ಗೋಡೆ ಮೇಲಿದೆ. ಪ್ರತಿ ಹೊಸಬರೂ ಅದಕ್ಕೆ ಒಂದೆರಡು ಸಾಲು ಸೇರಿಸಿದ್ದಾರೆ, ಕೆಲವು ಕಡೆ ನನ್ನ ಕಾಗುಣಿತವನ್ನೂ ತಿದ್ದಿದ್ದಾರೆ. ಮೇಲಿನಿಂದ ಮೊದಲನೇ ಸಾಲು ಕರಿ ಪುಡಿ. ಅದರ ಮುಂದೆ ಯಾರೋ ಕೆಂಪು ಪೆನ್ನಿನಲ್ಲಿ ಬರೆದಿದ್ದಾರೆ, "ಯಾವುದು ಅಂತ ಕೇಳಿ."